ಪೈಲ್ವಾನನ ನಿದ್ದೆ

ತೋಳಪಟ್ಟಿ ಬರುವ ಮೊದಲು ಗಂಡಸಿನ ಕಸುವನ್ನು ಯಾರೂ ಅಂಕಿಯಲ್ಲಿ ಅಳೆದಿರಲಿಲ್ಲ. ಎತ್ತಿದ ಗುಂಡುಕಲ್ಲು, ಕಣದಲ್ಲಿ ಕೆಡವಿದ ಎದುರಾಳಿ, ಇವೇ ಅಳತೆಯಾಗಿದ್ದವು. ಎರಡು ಬೆರಳಗಲದ ಆ ಪಟ್ಟಿಯ ಒಳಮೈಯಲ್ಲಿ ಸೊಳ್ಳೆಯ ಸೊಂಡಿಲಿಗಿಂತ ಸಣ್ಣ ಸೂಜಿಗಳ ಸಾಲಿತ್ತು. ಚರ್ಮದ ಕೆಳಗಿನ ದ್ರವವನ್ನು ಅವು ಸದ್ದಿಲ್ಲದೆ ಹೀರಿ, ಅದರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಎಷ್ಟಿದೆಯೆಂದು ಹಗಲೂ ರಾತ್ರಿ ಲೆಕ್ಕ ಹಾಕಿ ಫೋನಿಗೆ ಕಳಿಸುತ್ತಿದ್ದವು. ಸ್ನಾಯು ಬೆಳೆಸುವ, ಎಲುಬು ಗಟ್ಟಿ ಮಾಡುವ, ಮೈಗೆ ಹುಮ್ಮಸ್ಸು ಕೊಡುವ ಹಾರ್ಮೋನು ಅದು.

ಕುಸ್ತಿ ಮಂಡಳಿ ಪಟ್ಟಿಯನ್ನು ತಂದದ್ದು ಉದ್ದೀಪನ ಮದ್ದು ಚುಚ್ಚಿಸಿಕೊಳ್ಳುವ ಪೈಲ್ವಾನರನ್ನು ಹಿಡಿಯಲು. ಆದರೆ ಸ್ವಲ್ಪ ಕಾಲದಲ್ಲೇ ಅದು ಪೇಟೆಗೂ ಇಳಿಯಿತು. ಚಹಾದಂಗಡಿಯಲ್ಲಿ ಹುಡುಗರು ಅಂಗಿಯ ತೋಳು ಮಡಚಿ ಒಬ್ಬರಿಗೊಬ್ಬರು ಅಂಕಿ ತೋರಿಸಿಕೊಂಡರು. ಹೆಣ್ಣು ಕೊಡುವವರು ಹೊಲ, ನೌಕರಿ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಅದನ್ನೂ ಕೇಳತೊಡಗಿದರು. ಟೆಸ್ಟೋಸ್ಟೆರಾನ್ ಎಂಬ ಹೆಸರು ನಾಲಿಗೆಗೆ ಹೊರಳದೆ ಮುಧೋಳ ಸೀಮೆಯ ಜನ ಅದನ್ನು ‘ಕಸುವು’ ಎಂದೇ ಕರೆದರು.

ಆ ಚಳಿಗಾಲದಲ್ಲಿ ಮಾಳಿಂಗರಾಯ ಪೂಜಾರಿಯ ಕಸುವು ಇನ್ನೂರರ ಹತ್ತಿರ ಬಂದು ಕೂತಿತ್ತು. ಅವನ ಓರಗೆಯ ಪೈಲ್ವಾನರದು ಐದುನೂರು, ಆರುನೂರು.

ಮಾಳಿಂಗನಿಗೆ ಘಟಪ್ರಭಾ ದಂಡೆಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಮುಂದಿನ ಕೆಲಸ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ನಾಲ್ಕೈದು ತಿಂಗಳು ಬರೀ ರಾತ್ರಿ ಪಾಳಿ. ಹಗಲು ತಾಲೀಮಿಗೆ ಬಿಡುವಿರಲಿ ಎಂದು ಅವನೇ ಕೇಳಿ ಹಾಕಿಸಿಕೊಂಡಿದ್ದ. ರಾತ್ರಿಯಿಡೀ ಬೆಂಕಿಗೆ ಕಬ್ಬಿನ ಸಿಪ್ಪೆ ತಳ್ಳಿ, ಬೆಳಗಾಗುತ್ತಲೇ ನೇರ ಗರಡಿಗೆ ಹೋಗುತ್ತಿದ್ದ. ಅಲ್ಲಿ ಅವನಿಗೆ ಕುಸ್ತಿ ಕಲಿಸಿದ ದಾವಲಸಾಬ ವಸ್ತಾದರು ಕಾದಿರುತ್ತಿದ್ದರು. ದಂಡ, ಬಸ್ಕಿ, ಮಣ್ಣು ಅಗೆಯುವುದು, ಆಮೇಲೆ ಜೋಡಿ ಕುಸ್ತಿ. ಮಧ್ಯಾಹ್ನ ಮನೆಗೆ ಬಂದು ತಗಡಿನ ಮಾಡಿನ ಕೆಳಗೆ ಬಿದ್ದುಕೊಂಡರೆ ಪಕ್ಕದ ಹಿಟ್ಟಿನ ಗಿರಣಿಯ ಸದ್ದು. ಅದು ನಿಂತರೆ ಹೆಜ್ಜೆ ಕಲಿಯುತ್ತಿದ್ದ ಮಗಳು ಎದೆಯ ಮೇಲೆ ಹತ್ತುತ್ತಿದ್ದಳು. ಕಣ್ಣು ಹತ್ತುವ ಹೊತ್ತಿಗೆ ಪಾಳಿಯ ಹೊತ್ತಾಗುತ್ತಿತ್ತು.

ಜಮಖಂಡಿಯ ಕಣದಲ್ಲಿ ತನಗಿಂತ ಚಿಕ್ಕ ಹುಡುಗನೊಬ್ಬನ ಕೈಯಲ್ಲಿ ಸೋತು ಬಂದ ದಿನ ವಸ್ತಾದರು ಅವನ ತೋಳು ಹಿಸುಕಿ ನೋಡಿದರು.

“ಮೈ ಸಡ್ಲ ಬಿದ್ದೈತಲೇ ಮಾಳ್ಯಾ. ನಾಳಿಂದ ಬಸ್ಕಿ ಇನ್ನಷ್ಟ ಹಾಕು.”

“ಹಾಕ್ತೀನ್ರಿ.”

“ಮಲಗಿದ ಮೈಗೆ ಮಣ್ಣ ಒಲಿಯೂದಿಲ್ಲಪಾ. ನಾ ನಿನ್ನ ವಯಸ್ಸಿನ್ಯಾಗ ಕೋಳಿ ಕೂಗೂಕಿಂತ ಮೊದ್ಲ ಕಣದಾಗ ಇರ್ತಿದ್ದೆ.”

ಮಾಳಿಂಗ ಬಸ್ಕಿ ಹೆಚ್ಚಿಸಿದ. ಅಂಕಿ ಇನ್ನಷ್ಟು ಇಳಿಯಿತು. ಗೆಳೆಯರು ಚಹಾದಂಗಡಿಯಲ್ಲಿ ನಕ್ಕರು. ಅವನು ಅಂಗಿಯ ತೋಳನ್ನು ಮಣಿಕಟ್ಟಿನ ತನಕ ಇಳಿಸಿಕೊಂಡು ಓಡಾಡಿದ. ಮನೆಯಲ್ಲಿ ಮಾತು ಕಡಿಮೆಯಾಯಿತು. ಹೆಂಡತಿ ಕಸ್ತೂರಿ ಒಂದು ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಆ ಪಟ್ಟಿ ನೋಡಿಕೊಂತ ಯಾಕ ಕೂಡ್ರತೀರಿ? ನಾ ಏನ ಅದನ್ನ ನೋಡಿ ನಿಮ್ಮನ್ನ ಮದುವಿ ಆಗೀನೇನು?”

ತುತ್ತು ಕೈಯಲ್ಲಿರುವಂತೆಯೇ ಮಾಳಿಂಗನ ಕಣ್ಣು ಮುಚ್ಚಿಹೋಗಿತ್ತು.

ಮಾರ್ಚಿನಲ್ಲಿ ಹಂಗಾಮು ಮುಗಿಯಿತು. ಬಾಯ್ಲರ್ ತಣ್ಣಗಾಯಿತು, ರಾತ್ರಿ ಪಾಳಿ ನಿಂತಿತು. ಅದೇ ಹೊತ್ತಿಗೆ ವಸ್ತಾದರು ಮಗಳ ಹೆರಿಗೆಗೆಂದು ಮೀರಜಿಗೆ ಹೋಗಿ ಅಲ್ಲೇ ಉಳಿದರು. ಗರಡಿಯಲ್ಲಿ ಎಬ್ಬಿಸುವವರಿರಲಿಲ್ಲ. ಮಾಳಿಂಗ ಅಂಗಳದಲ್ಲಿ ಹಾಸಿಕೊಂಡು ಮಲಗಿದ. ನದಿಯ ಕಡೆಯಿಂದ ತಂಗಾಳಿ ಬರುತ್ತಿತ್ತು. ಮೊದಲ ವಾರ ಅವನು ಮಲಗಿದ್ದು ನೋಡಿ ಕಸ್ತೂರಿಗೆ ಗಾಬರಿಯೇ ಆಯಿತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಆಮೇಲೆ ಅವನು ಎದ್ದು ಎರಡು ರೊಟ್ಟಿಯ ಬದಲು ಆರು ತಿಂದ. ಕಣಕ್ಕಿಳಿದರೆ ಕೈ ತಾನೇ ಪಟ್ಟು ಹುಡುಕಿಕೊಂಡಿತು. ಏಪ್ರಿಲ್ ಕೊನೆಗೆ ಪಟ್ಟಿ ಆರುನೂರು ದಾಟಿತು. ಬಾಗಲಕೋಟೆಯ ಆಯ್ಕೆ ಕುಸ್ತಿಗಳಲ್ಲಿ ಅವನು ಬಂದವರನ್ನೆಲ್ಲ ಚಿತ್ ಮಾಡಿ ರಾಜ್ಯ ಮಟ್ಟದ ಬೆಳ್ಳಿ ಗದೆಯ ಕುಸ್ತಿಗೆ ಆಯ್ಕೆಯಾದ.

ಮರುವಾರವೇ ಮಂಡಳಿಯಿಂದ ಕರೆ ಬಂತು. ಒಂದೇ ಋತುವಿನಲ್ಲಿ ಅಂಕಿ ದುಪ್ಪಟ್ಟಿಗಿಂತ ಹೆಚ್ಚು ಏರಿದರೆ ಮದ್ದು ತೆಗೆದುಕೊಂಡಂತೆ ಎಂಬುದು ನಿಯಮ. ಮಾಳಿಂಗನದು ಮೂರು ಪಟ್ಟು ಏರಿತ್ತು. ವಿಚಾರಣೆ ಮುಗಿಯುವವರೆಗೆ ಅವನು ಕಣಕ್ಕಿಳಿಯುವಂತಿರಲಿಲ್ಲ. ಸುದ್ದಿ ಅವನಿಗಿಂತ ಮೊದಲು ಊರು ಮುಟ್ಟಿತು. ಚಳಿಗಾಲದಲ್ಲಿ ನಕ್ಕಿದ್ದ ಬಾಯಿಗಳೇ ಈಗ ಅವನಿಗೆ ‘ಸೂಜಿ ಪೈಲ್ವಾನ’ ಎಂದು ಹೆಸರಿಟ್ಟವು.

ವಿಚಾರಣೆ ನಡೆದದ್ದು ಧಾರವಾಡದ ಕ್ರೀಡಾ ಶರೀರಶಾಸ್ತ್ರ ಪ್ರಯೋಗಾಲಯದಲ್ಲಿ. ಮಂಡಳಿಯ ಶಿಸ್ತು ಸಮಿತಿಯ ಅಧ್ಯಕ್ಷ ಚಂದ್ರಮೌಳಿ ಮೈಸೂರಿನವರು, ನಿವೃತ್ತ ಪೊಲೀಸ್ ಅಧಿಕಾರಿ. ಅವರ ಪಕ್ಕದಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ವಾರಿಜಾ ಕೂತಿದ್ದರು. ಬೈಂದೂರಿನ ಕಡೆಯ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು.

“ಏನು ತಗೊಂಡೆ?” ಎಂದು ಚಂದ್ರಮೌಳಿ ಕೇಳಿದರು.

“ಏನೂ ತಗೊಂಡಿಲ್ರಿ ಸಾಹೇಬ್ರ.”

“ಹಾಗಾದರೆ ಇದು ಹೇಗೆ ಏರಿತು?”

“ನನಗೂ ತಿಳೀವಲ್ದ್ರಿ. ಹಂಗಾಮ ಮುಗೀತು, ನಿದ್ದಿ ಮಾಡಿದೆ. ಅಷ್ಟ.”

ಚಂದ್ರಮೌಳಿ ಬೇಸರದಿಂದ ಕನ್ನಡಕ ತೆಗೆದಿಟ್ಟರು. ವಾರಿಜಾ ಮಾತ್ರ ಮುಂದಕ್ಕೆ ಬಾಗಿದರು. “ಹಂಗಾಮು ಅಂದರೆ? ಅದಕ್ಕೂ ಮೊದಲು ರಾತ್ರಿ ಎಲ್ಲಿರ್ತಿದ್ರಿ?”

ಮಾಳಿಂಗ ಬಾಯ್ಲರಿನ ಕತೆ, ಗರಡಿಯ ಕತೆ, ಗಿರಣಿಯ ಸದ್ದು ಎಲ್ಲವನ್ನೂ ಹೇಳಿದ. ವಾರಿಜಾ ಅಂದೇ ಅವನ ರಕ್ತ ತೆಗೆಸಿ ಪರೀಕ್ಷಿಸಿದರು. ಸಂಜೆ ಚಂದ್ರಮೌಳಿಯವರ ಮುಂದೆ ಕೂತು ಬಿಡಿಸಿ ಹೇಳಿದರು.

“ನೋಡಿ ಸರ್, ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇದೆ. ಅದು ಅಪ್ಪಣೆ ಕಳಿಸಿದರೆ ಮಾತ್ರ ವೃಷಣ ಟೆಸ್ಟೋಸ್ಟೆರಾನ್ ತಯಾರು ಮಾಡುತ್ತೆ. ಹೊರಗಿನಿಂದ ಚುಚ್ಚಿಸಿಕೊಂಡರೆ ಈ ಗ್ರಂಥಿ ಸುಮ್ಮನಾಗಿಬಿಡುತ್ತೆ, ರಕ್ತದಲ್ಲಿ ಬೇಕಾದಷ್ಟಿದೆಯಲ್ಲ ಅಂತ. ಇವರ ಗ್ರಂಥಿ ಚೆನ್ನಾಗಿ ಕೆಲಸ ಮಾಡ್ತಾ ಇದೆ.”

“ಗ್ರಂಥಿಯನ್ನೇ ಕೆಣಕುವ ಗುಳಿಗೆಗಳೂ ಬಂದಿವೆ ಮೇಡಂ.”

“ಬಂದಿವೆ. ಆದರೆ ನಿದ್ದೆ ಇನ್ನೂ ಹಳೇದು. ಗಂಡಸಿನ ಮೈಯಲ್ಲಿ ಈ ಹಾರ್ಮೋನು ಏರೋದೇ ನಿದ್ದೆಯಲ್ಲಿ. ಕಣ್ಣು ಮುಚ್ಚಿದ ಮೇಲೆ ಏರ್ತಾ ಹೋಗಿ ಏಳುವ ಹೊತ್ತಿಗೆ ತುದಿ ಮುಟ್ಟುತ್ತೆ. ನಿದ್ದೆ ತುಂಡಾದರೆ ಏರಿಕೆಯೂ ತುಂಡು. ಅದರ ಮೇಲೆ ದಣಿದ ಮೈಯನ್ನು ಇನ್ನೂ ದಣಿಸಿದರೆ, ಮೈ ಇದು ಆಪತ್ಕಾಲ ಅಂತ ತಿಳ್ಕೊಂಡು ಈ ಕೆಲಸವನ್ನೇ ಬದಿಗಿಡುತ್ತೆ. ನಿಮ್ಮ ನಿಯಮ ಮಾಡಿದ್ದು ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಮಲಗುವ ಹುಡುಗರ ಅಂಕಿ ನೋಡಿ. ಅವರಲ್ಲಿ ಒಬ್ಬನೂ ರಾತ್ರಿ ಬಾಯ್ಲರ್ ಮುಂದೆ ನಿಂತವನಲ್ಲ.”

ಚಂದ್ರಮೌಳಿ ರಕ್ತದ ವರದಿಯನ್ನು ಪಕ್ಕಕ್ಕೆ ಸರಿಸಿದರು. “ಚುಚ್ಚುಮದ್ದಿನಿಂದ ಎದೆ ಒಡೆದು ಸತ್ತ ಹುಡುಗನೊಬ್ಬನನ್ನು ನಾನೇ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆ ಮೇಡಂ. ಅವನೂ ಏನೂ ತಗೊಂಡಿಲ್ಲ ಅಂತಲೇ ಅಂದಿದ್ದ. ಬಾಯಿಮಾತಿನಿಂದ ನಾನು ಇವನನ್ನು ಬಿಡಲಾರೆ. ಕಣ್ಣಿಗೆ ಕಾಣಬೇಕು.”

“ಕಾಣಿಸಬಹುದು” ಎಂದರು ವಾರಿಜಾ. “ಆದರೆ ಅದು ಆತನಿಗೆ ಬಹಳ ದುಬಾರಿ.”

ವಾರಿಜಾ ಯೋಚಿಸಿದ್ದು ಹೀಗೆ: ಮಾಳಿಂಗ ಪ್ರಯೋಗಾಲಯದೊಳಗೇ ಇರಬೇಕು. ಹೊರಗಿನ ಒಂದು ಗುಟುಕು ನೀರೂ ಒಳಗೆ ಬರಬಾರದು. ಮೊದಲು ಎರಡು ವಾರ ಹಂಗಾಮಿನಂತೆಯೇ ನಿದ್ದೆ ಕಿತ್ತುಕೊಂಡು ಮೈ ದಣಿಸುವುದು. ಆಮೇಲೆ ನಿದ್ದೆಯನ್ನು ತಿರುಗಿ ಕೊಡುವುದು. ಅಂಕಿ ಇಳಿದು ಮತ್ತೆ ಏರಿದರೆ ಅವನು ನಿರ್ದೋಷಿ. ಆದರೆ ಬೆಳ್ಳಿ ಗದೆಯ ಕುಸ್ತಿಗೆ ಐದೇ ವಾರ ಉಳಿದಿತ್ತು. ಕಳೆದುಕೊಂಡ ಬಲ ಆ ಹೊತ್ತಿಗೆ ಮರಳುತ್ತದೆಯೇ ಎಂದು ಮಾಳಿಂಗ ಕೇಳಿದಾಗ ವಾರಿಜಾ ಸುಳ್ಳು ಹೇಳಲಿಲ್ಲ.

“ಮರಳಬೇಕು. ಆದರೆ ಎಷ್ಟು ಬೇಗ ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು.”

ಮೀರಜಿನಿಂದ ಓಡಿಬಂದ ವಸ್ತಾದರು ಮಾಳಿಂಗನ ಮನೆಯ ಕಟ್ಟೆಯ ಮೇಲೆ ಕೂತು ಸಿಟ್ಟಿನಿಂದ ಕೂಗಾಡಿದರು. “ಇದ್ದ ಕಸುವ ಅವ್ರ ಕೈಯಾಗ ಕೊಟ್ಟು ಬರಿಗೈಲೇ ಕಣಕ್ಕ ಇಳೀತೀಯೇನು? ಈ ವರ್ಷ ಬಿಡು. ಮುಂದಿನ ವರ್ಷ ನೋಡೂಣು.”

“ಈ ವರ್ಷ ಬಿಟ್ರ ಸೂಜಿ ಪೈಲ್ವಾನ ಅನ್ನೂ ಹೆಸರ ಸಾಯೂತನಾ ಇರತೈತ್ರಿ ವಸ್ತಾದ್ರ.”

ವಸ್ತಾದರು ಕಸ್ತೂರಿಯ ಕಡೆ ತಿರುಗಿದರು. “ನೀನರ ಹೇಳವಾ ಇವಗ.”

ಕಸ್ತೂರಿ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಗದಾ ಬರ್ಲಿ, ಬಿಡ್ಲಿ. ಇವ್ರು ಸುಳ್ಳ ಹೇಳೂ ಮನಷ್ಯಾ ಅಲ್ಲ ಅಂತ ನನಗ ಗೊತ್ತೈತ್ರಿ ವಸ್ತಾದ್ರ. ಮಂದಿಗೂ ಗೊತ್ತಾಗ್ಲಿ. ಹೋಗಿ ಬರ್ಲಿ.”

ಹಾಗೆ ಮಾಳಿಂಗ ಧಾರವಾಡಕ್ಕೆ ಹೋದ. ಅವನ ಜೊತೆ ವಸ್ತಾದರೂ ಹೋದರು, ತಾಲೀಮು ಮಾಡಿಸಲು ಅವರೇ ಬೇಕೆಂದು ವಾರಿಜಾ ಕೇಳಿದ್ದರು.

ಪ್ರಯೋಗಾಲಯದ ನಡುಮನೆಯಲ್ಲಿ ಗೋಡೆಯಗಲದ ಪರದೆಯಿತ್ತು. ಅದರ ಮೇಲೆ ಮಾಳಿಂಗನ ಅಂಕಿ ಹಸಿರು ಗೆರೆಯಾಗಿ ಹರಿಯುತ್ತಿತ್ತು. ಚಂದ್ರಮೌಳಿ ಧಾರವಾಡದಲ್ಲೇ ಕೋಣೆ ಹಿಡಿದು ದಿನಾ ಬಂದು ಕೂರುತ್ತಿದ್ದರು. ಮಾಳಿಂಗನ ಊಟವನ್ನು ತಾವೇ ರುಚಿ ನೋಡಿ ಒಳಗೆ ಕಳಿಸುತ್ತಿದ್ದರು. ಕಣ್ಣು ಮುಚ್ಚಿ ಅರೆಗಳಿಗೆಯಾದರೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಬೆಳಗಿನ ತಾಲೀಮು, ಸಂಜೆಯ ತಾಲೀಮು, ನಡುವೆ ನಾಯಿನಿದ್ದೆ. ಮೊದಲ ಎರಡು ದಿನ ಮಾಳಿಂಗ ನಗುನಗುತ್ತ ಇದ್ದ. ಆಮೇಲೆ ಗೆರೆ ಇಳಿಯತೊಡಗಿತು.

ಒಂದು ವಾರಕ್ಕೆ ಆರುನೂರು ನಾನೂರಾಯಿತು. ಮಾಳಿಂಗ ತನ್ನ ಚಪ್ಪಲಿ ಎಲ್ಲಿಟ್ಟೆನೆಂದು ಹುಡುಕುತ್ತ ಅಳುವಂತಾದ. ನೋಡಲು ಬಂದ ಕಸ್ತೂರಿಯ ಮೇಲೆ ಏನೂ ಇಲ್ಲದ್ದಕ್ಕೆ ರೇಗಿದ. ಅವಳು ಅವನ ತಲೆ ಸವರಿ ಹೋದಳು. ಎರಡನೆಯ ವಾರ ಅವನು ದಂಡ ಹೊಡೆಯುತ್ತಿದ್ದವನು ಹಾಗೇ ನೆಲಕ್ಕೆ ಮುಖ ಊರಿ ಬಿದ್ದುಕೊಂಡ. ವಸ್ತಾದರು ಹಳೆಯ ರೂಢಿಯಂತೆ, “ಏಳಲೇ, ಇನ್ನೂ ಹಾಕು” ಎನ್ನಲು ಬಾಯಿ ತೆರೆದರು. ಕಣ್ಣು ಪರದೆಯ ಮೇಲೆ ಹೋಯಿತು. ಅವರು ಹೇರಿದ ಪ್ರತಿ ತಾಲೀಮಿನ ಹಿಂದೆಯೇ ಗೆರೆ ಒಂದೊಂದು ಮೆಟ್ಟಿಲು ಕೆಳಗಿಳಿದಿತ್ತು. ವಸ್ತಾದರು ವಾರಿಜಾ ಅವರ ಕಡೆ ತಿರುಗಿದರು.

“ಡಾಕ್ಟರ್ ಬಾಯಾರ, ತಾಲೀಮ ಮಾಡಿದ್ರ ಕಸುವು ಏರಬೇಕಲ್ರಿ?”

“ಏರುತ್ತೆ ವಸ್ತಾದರೇ, ಅದರ ಹಿಂದೆ ವಿಶ್ರಾಂತಿ ಇದ್ದರೆ. ತಾಲೀಮು ಮೈಯನ್ನು ಒಡೆಯುತ್ತೆ, ನಿದ್ದೆ ಕಟ್ಟುತ್ತೆ. ನಾವು ಬರೀ ಒಡೀತಾ ಇದ್ದೇವೆ.”

ವಸ್ತಾದರು ನೆಲಕ್ಕೆ ಕೂತು ಮಾಳಿಂಗನ ಮೈಮೇಲಿನ ಬೆವರನ್ನು ತಮ್ಮ ರುಮಾಲಿನಿಂದ ಒರೆಸಿದರು. ಅವನು ಎಂಟು ವರ್ಷದವನಾಗಿದ್ದಾಗ ಒರೆಸಿದ್ದರು, ಆಮೇಲೆ ಈಗಲೇ.

ಎರಡು ವಾರ ತುಂಬಿದಾಗ ಪರದೆಯ ಮೇಲೆ ಇನ್ನೂರೈವತ್ತಿತ್ತು. “ಇಳಿದದ್ದು ಕಂಡೆ” ಎಂದರು ಚಂದ್ರಮೌಳಿ. “ಏರುವುದೂ ಕಾಣಲಿ.”

ಏರುವುದು ಅಷ್ಟು ಸುಲಭವಾಗಲಿಲ್ಲ. ವಾರಿಜಾ ಕೋಣೆಯನ್ನು ಕತ್ತಲಾಗಿಸಿ, ತಣ್ಣಗಿರಿಸಿ, ಗಂಟೆಯನ್ನು ಕಳಚಿಸಿದರು. ಆದರೂ ಮಾಳಿಂಗ ಬೆಚ್ಚಿ ಬೆಚ್ಚಿ ಏಳುತ್ತಿದ್ದ. ಈಗ ಗಂಟೆ ಹೊಡೆದುಕೊಳ್ಳುತ್ತದೆ, ಪಾಳಿಗೆ ಹೊತ್ತಾಯಿತು ಎಂದು ಎದ್ದು ಕೂರುತ್ತಿದ್ದ. ಮೂರು ದಿನವಾದರೂ ಗೆರೆ ಮೇಲೇಳಲಿಲ್ಲ. ಗದೆಯ ಕುಸ್ತಿ ಹತ್ತಿರ ಬರುತ್ತಿತ್ತು. ವಾರಿಜಾ ಊಟ ಬಿಟ್ಟು ಪರದೆಯ ಮುಂದೆ ಕೂತರು. ಕೊನೆಗೆ ಕಸ್ತೂರಿಯನ್ನು ಕರೆಸಿದರು. ತಪಾಸಣೆ ಮಾಡಿ, ಬರಿಗೈಯಲ್ಲಿ ಅವಳನ್ನು ಒಳಗೆ ಬಿಟ್ಟರು.

ಕಸ್ತೂರಿ ಮಂಚದ ಪಕ್ಕ ನೆಲದ ಮೇಲೆ ಕೂತು ಊರಿನ ಸುದ್ದಿ ಹೇಳತೊಡಗಿದಳು. ಗಿರಣಿಯವನ ಮಗಳಿಗೆ ನೋಡಲು ಬಂದವರು, ಅತ್ತೆಯ ಮೊಣಕಾಲು, ಮಗಳು ಕಲಿತ ಹೊಸ ಮಾತು. “ಆ ಯಲ್ಲವ್ವನ ಎಮ್ಮಿ ಐತಲ್ರಿ, ಅದು ಮೊನ್ನೆ ಹಗ್ಗ ಹರಕೊಂಡು ಸಾಲಿಯೊಳಗ ಹೊಕ್ಕಿತ್ತಂತ. ಹೆಡ್ ಮಾಸ್ತರ್ ಕುರ್ಚಿ ಮ್ಯಾಲೆ ಹತ್ತಿ ನಿಂತಾರ. ಎಮ್ಮಿ ಕರಿಹಲಗಿ ಮುಂದ...”

ಎಮ್ಮೆ ಕರಿಹಲಗೆಯ ಮುಂದೆ ಏನು ಮಾಡಿತೆಂದು ಮಾಳಿಂಗ ಕೇಳಿಸಿಕೊಳ್ಳಲಿಲ್ಲ. ಅವನ ಗೊರಕೆ ಹೊರಗಿನ ಧ್ವನಿವರ್ಧಕದಲ್ಲಿ ತುಂಬಿಕೊಂಡಿತು. ಚಂದ್ರಮೌಳಿ ಮೊದಲ ಸಲ ನಕ್ಕರು.

ಅವನು ಎದ್ದಾಗ ಬಿಸಿಲು ಏರಿತ್ತು. ಹಸಿರು ಗೆರೆ ನಿದ್ದೆಯ ಜೊತೆಗೆ ಏರುತ್ತ ಹೋಗಿ, ಏಳುವ ಹೊತ್ತಿಗೆ ಮುನ್ನೂರು ದಾಟಿತ್ತು. ಮರುದಿನ ಇನ್ನೂ ಮೇಲೆ. ವಸ್ತಾದರು ತಾವಾಗಿಯೇ ತಾಲೀಮನ್ನು ಅರ್ಧಕ್ಕಿಳಿಸಿದರು. ಬಸ್ಕಿಯ ಬದಲು ಪಟ್ಟುಗಳನ್ನು ತಿದ್ದಿದರು, ಹಾಲು ಬಾದಾಮಿ ಕುಡಿಸಿ ಮತ್ತೆ ಮಲಗಿಸಿದರು. ಹತ್ತು ಹನ್ನೆರಡು ದಿನಕ್ಕೆ ಗೆರೆ ಹಳೆಯ ಆರುನೂರನ್ನು ಮುಟ್ಟಿ, ನಿಲ್ಲದೆ, ಅದನ್ನೂ ದಾಟಿ ಏಳುನೂರರ ಕಡೆ ಹೊರಟಿತು.

ಚಂದ್ರಮೌಳಿ ಎದ್ದು ಒಳಗೆ ಹೋದರು. ಮಾಳಿಂಗನ ಮುಂದೆ ನಿಂತು ಕೈಮುಗಿದರು.

“ನಾನು ಹುಡುಕಿದ ಮದ್ದು ನಿನ್ನ ಹಾಸಿಗೆಯಲ್ಲಿತ್ತಪ್ಪ. ತಪ್ಪು ತಿಳಿದುಕೊಂಡಿದ್ದೆ. ಹೋಗು, ಕುಸ್ತಿ ಆಡು.”

“ನೀವ್ ನಿಮ್ಮ ಕೆಲಸಾ ಮಾಡೀರಿ ಸಾಹೇಬ್ರ” ಎಂದು ಮಾಳಿಂಗ ಅವರ ಕೈ ಹಿಡಿದು ಇಳಿಸಿದ.

ಬೆಳ್ಳಿ ಗದೆಯ ಕೊನೆಯ ಕುಸ್ತಿ ದಾವಣಗೆರೆಯಲ್ಲಿ. ಎದುರಾಳಿ ಅದೇ ಊರ ಕಡೆಯ ನಿಂಗರಾಜ ಬೆಳ್ಳೂಡಿ, ಎರಡು ವರ್ಷದಿಂದ ಗದೆ ಬಿಟ್ಟುಕೊಡದವನು, ಮಾಳಿಂಗನಿಗಿಂತ ತೂಕದಲ್ಲೂ ಎತ್ತರದಲ್ಲೂ ಒಂದು ಕೈ ಮೇಲು. ಮಾಳಿಂಗ ಕಣಕ್ಕಿಳಿದಾಗ ಜನರ ನಡುವಿನಿಂದ “ಸೂಜಿ, ಸೂಜಿ” ಎಂಬ ಕೂಗು ಎದ್ದಿತು. ಮಂಡಳಿಯ ತೀರ್ಪು ಪತ್ರಿಕೆಯಲ್ಲಿ ಬಂದಿತ್ತು, ಆದರೆ ಕೂಗುವವರು ಅದನ್ನು ಓದಿರಲಿಲ್ಲ.

ಮೊದಲಿಗೆ ನಿಂಗರಾಜನದೇ ಮೇಲುಗೈ. ಮಾಳಿಂಗನನ್ನು ಎರಡು ಸಲ ನೆಲಕ್ಕೊತ್ತಿದ. ಬೆನ್ನು ಮಣ್ಣಿಗೆ ತಾಗಬೇಕು ಎನ್ನುವಾಗ ಮಾಳಿಂಗ ಮೀನಿನಂತೆ ಜಾರಿದ. ಹೊತ್ತು ಸರಿಯಿತು. ಕಸ್ತೂರಿ ಮುಂದಿನ ಸಾಲಿನಲ್ಲಿ ಮಗಳ ಕಾಲು ಹಿಡಿದುಕೊಂಡು ಕೂತಿದ್ದಳು. ವಾರಿಜಾ ಅವಳ ಪಕ್ಕದಲ್ಲಿದ್ದರು. ಪರದೆಯಿಲ್ಲದ ಕಡೆ ಕೂತು ಅವರಿಗೆ ರೂಢಿಯಿರಲಿಲ್ಲ, ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದರು.

ನಿಂಗರಾಜನ ಉಸಿರು ಭಾರವಾಯಿತು. ಅವನು ಕುಸ್ತಿಗೆ ಮುಂಚಿನ ವಾರವೆಲ್ಲ ಬೆಳಗಿನಿಂದ ಸಂಜೆಯವರೆಗೆ ತಾಲೀಮು ಮಾಡಿ ಬಂದವನು. ಮಾಳಿಂಗನಿಗೆ ಅದು ಅಂಗೈಯಲ್ಲಿ ಗೊತ್ತಾಯಿತು: ಎದುರಿನ ತೋಳು ಒಂದು ಗಳಿಗೆ ತಡವಾಗಿ ಬಿಗಿಯುತ್ತಿದೆ. ಆ ತಡ ಅವನಿಗೆ ಚೆನ್ನಾಗಿ ಪರಿಚಿತ, ಚಳಿಗಾಲವಿಡೀ ಅದು ಅವನ ತೋಳಿನಲ್ಲೇ ಇತ್ತು. ತನ್ನ ಮೈಯಲ್ಲಿ ಮಾತ್ರ ಇನ್ನೂ ಯಾರೋ ತುಂಬಿಟ್ಟಂತೆ ಬಲ ಉಕ್ಕುತ್ತಿತ್ತು. ಅವನು ಕಾದ. ನಿಂಗರಾಜ ಮತ್ತೊಮ್ಮೆ ಮೇಲೆ ಬಿದ್ದಾಗ ಮಾಳಿಂಗ ಸೊಂಟವನ್ನು ಅವನ ಕೆಳಗೆ ತೂರಿಸಿ, ತೋಳನ್ನು ಹೆಗಲ ಮೇಲೆ ಎಳೆದು, ಆ ದೊಡ್ಡ ಮೈಯನ್ನು ಗಾಳಿಯಲ್ಲಿ ತಿರುಗಿಸಿ ಹಾಕಿದ. ಮಣ್ಣು ಹಾರಿತು. ನಿಂಗರಾಜನ ಎರಡೂ ಹೆಗಲು ನೆಲದಲ್ಲಿದ್ದವು.

ದಾವಣಗೆರೆಯ ಜನವೇ ಎದ್ದು ನಿಂತಿತು. ಹಲಗೆ ಬಾರಿಸುವ ಸದ್ದು, ಶಿಳ್ಳೆ, ಗಾಳಿಯಲ್ಲಿ ರುಮಾಲು. ವಸ್ತಾದರು ವಯಸ್ಸು ಮರೆತು ಕಣದೊಳಗೆ ಓಡಿ ಶಿಷ್ಯನನ್ನು ಎತ್ತಲು ಹೋಗಿ ತಾವೇ ಅವನ ತೋಳಿನಲ್ಲಿ ಸಿಕ್ಕಿಕೊಂಡರು. ಮೇಲೆದ್ದ ನಿಂಗರಾಜ ಮೈಯ ಮಣ್ಣು ಕೊಡವಿಕೊಂಡು ಅವನ ಕಿವಿಯ ಹತ್ತಿರ ಬಾಗಿದ.

“ನಿಜ ಹೇಳಣ್ಣ, ಏನ್ ತಿಂತೀಯ?”

“ಕತ್ತಲಾತಂದ್ರ ಬೀಳ್ತೀನಿ, ಬೆಳಕಾದ ಮ್ಯಾಲೆ ಏಳ್ತೀನಿ. ನೀನೂ ಮಾಡಿ ನೋಡು.”

ನಿಂಗರಾಜ ನಕ್ಕು ಅವನ ಕೈಯನ್ನು ಮೇಲಕ್ಕೆತ್ತಿದ. ಗದೆಯನ್ನು ಚಂದ್ರಮೌಳಿಯವರೇ ತಂದು ಮಾಳಿಂಗನ ಹೆಗಲ ಮೇಲಿಟ್ಟರು.

ಮಳೆಗಾಲ ಮುಗಿಯುವುದರೊಳಗೆ ಮಂಡಳಿ ನಿಯಮ ತಿದ್ದಿತು. ಪೈಲ್ವಾನನ ನಿದ್ದೆಯನ್ನು ಅಳೆಯದೆ ಅವನ ಕಸುವಿನ ಬಗ್ಗೆ ಯಾರೂ ತೀರ್ಪು ಕೊಡುವಂತಿಲ್ಲ. ಗರಡಿಯ ಬಾಗಿಲನ್ನು ಹೊತ್ತು ಮೂಡಿದ ಮೇಲೆಯೇ ತೆರೆಯುವುದೆಂದು ವಸ್ತಾದರು ಸಾರಿದರು. ಬಾಯ್ಲರಿನವರು ಮಾಳಿಂಗನನ್ನು ಮುಂದಿಟ್ಟುಕೊಂಡು ಮ್ಯಾನೇಜರರ ಹತ್ತಿರ ಹೋದರು. ವಾರಿಜಾ ಕೂಡ ಬಂದು, ಬರೀ ರಾತ್ರಿ ಪಾಳಿಯಲ್ಲೇ ನಿಂತ ಗಂಡಸರ ಮೈಗೆ ಏನಾಗುತ್ತದೆಂದು ಪರದೆ ಬಿಡಿಸಿ ತೋರಿಸಿದರು. ಮ್ಯಾನೇಜರ್ ಬಹಳ ಹೊತ್ತು ಆ ಹಸಿರು ಗೆರೆಯನ್ನು ನೋಡಿ, ತಮ್ಮ ತೋಳಪಟ್ಟಿಯನ್ನು ಒಮ್ಮೆ ಮುಟ್ಟಿಕೊಂಡು, ಪಾಳಿಗಳನ್ನು ಎಲ್ಲರಿಗೂ ಹಂಚಲು ಒಪ್ಪಿದರು. ಇನ್ನು ಹಂಗಾಮಿನುದ್ದಕ್ಕೂ ಯಾರೂ ಒಂದೇ ಸಮ ರಾತ್ರಿಗಳನ್ನು ಬೆಂಕಿಯ ಮುಂದೆ ಕಳೆಯಬೇಕಾಗಿರಲಿಲ್ಲ.

ನವೆಂಬರಿನಲ್ಲಿ ಹೊಸ ಹಂಗಾಮು ಶುರುವಾಯಿತು. ಮಾಳಿಂಗನಿಗೆ ಆ ತಿಂಗಳು ಹಗಲು ಪಾಳಿ. ಮೊದಲ ದಿನದ ಕೆಲಸ ಮುಗಿಸಿ, ಬಿಸಿ ರೊಟ್ಟಿ ತಿಂದು, ಮಗಳನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಿದ. ರಾತ್ರಿ ಪಾಳಿಯವರನ್ನು ಕರೆಯುವ ಕಾರ್ಖಾನೆಯ ಸೈರನ್ ಘಟಪ್ರಭೆಯ ಆಚೆಯ ದಂಡೆಯ ಊರುಗಳಿಗೂ ಕೇಳಿಸಿತು. ಮಾಳಿಂಗನಿಗೆ ಕೇಳಿಸಲಿಲ್ಲ.